ಕತ್ತರಿ ಕಂಡರಾಗದ ರಿಬ್ಬನ್ ಟೀಚರ್

ರಿಬ್ಬನ್ ಟೀಚರ್ ತೀರಿಹೋಗಿ ಒಂಬತ್ತು ದಿನವಾದರೂ ನನಗಿನ್ನೂ ನಂಬಿಕೆ ಬಂದಿಲ್ಲ. ರಿಬ್ಬನ್ ಬೀಸುತ್ತ ಸಂಗೀತಕ್ಕೆ ಆಡುವ ರಿದಮಿಕ್ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದ ನನ್ನ ಗೆಳತಿ ಆರು ಮೀಟರ್ ರಿಬ್ಬನ್ನಿಗೆ ದಿನವೂ ಇಸ್ತ್ರಿ ಹಾಕುವಳು. ಅವಳ ಅಂಗಿ ಮಾತ್ರ ಇಸ್ತ್ರಿಯ ಮುಖ ಕಂಡದ್ದಿಲ್ಲ. ರಿಬ್ಬನ್ ಗಂಟಾದರೆ ಮನೆಗೆ ಬೆಂಕಿ ಬಿದ್ದರೂ ಕೂತು ಬಿಡಿಸುವಳು. "ಕತ್ತರಿ ಮುಟ್ಟಿದ್ರೆ ಕೈ ಮುರೀತೀನಿ, ನೋಡು!" ಎಂದು ನನ್ನನ್ನು ಗದರುವಳು. ತಾನು ಪ್ರೀತಿಸುವುದು ಹೆಣ್ಣನ್ನು ಎಂದು ಪದಕ ಗೆದ್ದ ವರ್ಷವೇ ಹೇಳಿ ತಂಡದಿಂದ ಹೊರಬಿದ್ದವಳು, ಅದೇ ಕಾರಣಕ್ಕೆ ಹೊರಬಿದ್ದ ಇತರ ಆಟಗಾರರ ಅರ್ಜಿ ಹಿಡಿದು ಪ್ರತಿ ಸೋಮವಾರ ಕ್ರೀಡಾ ಸಂಘಕ್ಕೆ ಹೋಗುತ್ತಿದ್ದಳು. "ಮತ್ತೆ ಬಂದ್ರಾ ಮೇಡಂ?" ಎಂದು ಅಲ್ಲಿನ ಅಧಿಕಾರಿ ಕೇಳಿದರೆ, "ನೀವಿನ್ನೂ ಬದಲಾಗ್ಲಿಲ್ವಲ್ಲ ಸಾರ್!" ಎನ್ನುವಳು. ಅವಳ ಮನೆಯ ಇನ್ನೊಂದು ಕೀ ಇರುವುದು ನನ್ನಲ್ಲಿ ಮಾತ್ರ ಎಂದುಕೊಂಡಿದ್ದೆ. ನಿನ್ನೆ ಅವಳ ಮನೆಗೆ ಹದಿನೇಳು ಆಟಗಾರರು ಬಂದು ಹದಿನೇಳು ಕೀ ಮೇಜಿನ ಮೇಲಿಟ್ಟರು. "ಅಪ್ಪ ಮನೆಯಿಂದ ಹೊರಗೆ ಹಾಕಿದಾಗ ಟೀಚರ್ ಕೊಟ್ಟಿದ್ದು, ಅಕ್ಕಾ," ಎಂದಳು ಒಬ್ಬ ಓಟಗಾರ್ತಿ. ಪ್ರತಿ ಕೀಲಿಗೂ ಗೇಣುದ್ದದ ಕೆಂಪು ಪಟ್ಟಿ ಕಟ್ಟಿತ್ತು. ಆ ಕೆಂಪಿನ ಗುರುತು ನನಗೆ ಸಿಕ್ಕಿತು. ಪದಕ ಗೆದ್ದ ರಿಬ್ಬನ್ನನ್ನು ಅವಳು ಯಾರಿಗೂ ಮುಟ್ಟಗೊಡದೆ ಇಟ್ಟಿದ್ದ ಪೆಟ್ಟಿಗೆ ತೆರೆದೆ. ಅದರಲ್ಲಿ ಇಸ್ತ್ರಿ ಹಾಕಿ ಮಡಿಸಿಟ್ಟ ಉಳಿದ ರಿಬ್ಬನ್ ಇತ್ತು, ಅದರ ಮೇಲೊಂದು ಕತ್ತರಿ.