ಚೀಲ ಕಳೆದು ನೋಡಿದ ಗಾಲಿ

ಕಳೆದ ಭಾನುವಾರ ನಾನು ನಾನೂರು ಮೀಟರ್ ಓಟದಲ್ಲಿ ಗೆದ್ದೆ.

ನಗಬೇಡಿ. ನಲವತ್ತನಾಲ್ಕು ವರ್ಷದ, ಮೊಣಕಾಲು ನೋವಿನ, ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವ ಹೆಂಗಸು ನಾನೂರು ಮೀಟರ್ ಓಡಲಾರಳು ಅಂತ ನನಗೂ ಗೊತ್ತು. ಓಡಿದ್ದು ಕಾರು. ಓಡಿಸಿದ್ದು ನನ್ನ ಮೈದುನ ಮಂಜುನಾಥ. ನಾನು ಮಾಡಿದ್ದು ಆ ಕಾರಿಗೆ ಗಾಲಿ ಆರಿಸಿದ್ದು, ಅಷ್ಟೇ.

ಅಷ್ಟೇ ಅಂದೆನಾ? ತಪ್ಪಾಯಿತು. ಆ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಡ್ರ್ಯಾಗ್ ರೇಸ್ ಗೊತ್ತಿಲ್ಲದವರಿಗೆ ಎರಡು ಮಾತು. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ. ಹಸಿರು ದೀಪ ಹತ್ತುತ್ತದೆ. ನೇರ ರಸ್ತೆಯಲ್ಲಿ ನಾನೂರು ಮೀಟರ್, ಯಾರು ಮೊದಲು ಮುಟ್ಟಿದರೋ ಅವರು ಗೆದ್ದರು. ತಿರುವಿಲ್ಲ, ಉಬ್ಬಿಲ್ಲ. ಹದಿನೈದು ಹದಿನಾರು ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. (ನಮ್ಮ ಮನೆ ಕುಕ್ಕರ್ ಒಂದು ಸೀಟಿ ಹೊಡೆಯಲು ಇದರ ಹತ್ತು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ.) ಈ ಹದಿನೈದು ಸೆಕೆಂಡಿಗೆ ನಮ್ಮ ಮಂಜು ಇಡೀ ವರ್ಷ ಗ್ರೀಸಿನಲ್ಲಿ ಮುಳುಗಿರುತ್ತಾನೆ.

ಮಂಜುಗೆ ಶಿಕಾರಿಪುರದಲ್ಲಿ ಸಣ್ಣದೊಂದು ಗ್ಯಾರೇಜು. ಕೆಲಸ ಕಲಿತದ್ದು ಶಿರಾಳಕೊಪ್ಪದ ಗೌಸ್ ಉಸ್ತಾದರ ಹತ್ತಿರ, ಒಂಬತ್ತು ವರ್ಷ. ನಾಲ್ಕು ವರ್ಷದ ಹಿಂದೆ ತನ್ನದೇ ಬೋರ್ಡ್ ಹಾಕಿಕೊಂಡ. ಉಸ್ತಾದರದ್ದೂ ಒಂದು ರೇಸ್ ಕಾರಿದೆ. ಗುರು ಶಿಷ್ಯ ಇಬ್ಬರೂ ಒಂದೇ ವರ್ಗದಲ್ಲಿ ಓಡುವವರು. ಮೊದಲ ಸಲ ಮಂಜು ಉಸ್ತಾದರಿಗೆ ಕೂದಲೆಳೆಯ ಅಂತರದಲ್ಲಿ ಸೋತ. ಆ ಬೇಸರಕ್ಕೆ ಕಾರಿನ ಹಳೇ ಸ್ಟೀಲ್ ಗಾಲಿ ಬಿಚ್ಚಿ ಹದಿನೈದು ಇಂಚಿನ ಅಲಾಯ್, ಅಂದರೆ ಮಿಶ್ರಲೋಹದ ಗಾಲಿ, ಹಾಕಿಸಿದ. ಕಪ್ಪು ಬಣ್ಣ, ಅಂಚಿಗೆ ಕೆಂಪು ಗೆರೆ. ಪೂಜೆಯೂ ಆಯಿತು, ನಿಂಬೆಹಣ್ಣೂ ಅಪ್ಪಚ್ಚಿಯಾಯಿತು. ಎರಡನೇ ಸಲ ಹೋದ. ಇನ್ನೂ ಹೆಚ್ಚು ಅಂತರದಲ್ಲಿ ಸೋತು ಬಂದ.

ಆ ದಿನ ಉಸ್ತಾದರು ಅವನ ಹೆಗಲ ಮೇಲೆ ಕೈಯಿಟ್ಟು, ಇಂಜಿನ್ ಇನ್ನೂ ನಿನ್ನ ಕೈಗೆ ಹತ್ತಿಲ್ಲಪ್ಪ ಅಂದರಂತೆ. ಬೈದಿದ್ದರೆ ಸಹಿಸುತ್ತಿದ್ದ. ಸಮಾಧಾನ ಮಾಡಿದರು ನೋಡಿ, ಅದು ಚುಚ್ಚಿತು. ಎರಡು ಸಲ ಇಂಜಿನ್ ಪೂರ್ತಿ ಬಿಚ್ಚಿ, ತೊಳೆದು, ಮೊದಲಿಗಿಂತ ನಾಜೂಕಾಗಿ ಕಟ್ಟಿದ. ತಪ್ಪು ಸಿಗಲಿಲ್ಲ. ಮೆಕ್ಯಾನಿಕ್ಕಿಗೆ ತಪ್ಪು ಸಿಗದಿರುವುದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿಲ್ಲ.

ಒಂದು ಬೆಳಗ್ಗೆ ತಿಂಡಿಗೆ ಕೂತವನು ತಟ್ಟೆಯಿಂದ ತಲೆಯೆತ್ತದೆ ಹೇಳಿದ. ಶಿವಮೊಗ್ಗದ ಶೋರೂಮೊಂದರಲ್ಲಿ ಕೆಲಸ ಕೊಡುತ್ತೇವೆ ಅಂದಿದ್ದಾರೆ. ದಾವಣಗೆರೆಯಲ್ಲಿ ಮೂರನೇ ರೇಸ್ ಇದೆ, ಅದು ಮುಗಿದ ಮೇಲೆ ತಿಳಿಸುತ್ತೇನೆ ಅಂದಿದ್ದಾನೆ.

"ಈ ಸಲಾನೂ ಸೋತ್ರೆ ಗ್ಯಾರೇಜ್ ಮುಚ್ಚಿಬಿಡ್ತೀನಿ ಅತ್ತಿಗೆ. ನನ್ನ ಕೈಯಾಗೇ ಏನೋ ಕಡಿಮೆ ಐತಿ."

ಕೈಯನ್ನೇ ನಂಬಿ ಬದುಕುವವನು ಕೈಯಲ್ಲಿ ಕಡಿಮೆ ಇದೆ ಅಂದರೆ ಇನ್ನೇನು ಉಳಿಯಿತು? ಬಡಿಸುತ್ತಿದ್ದ ಸೌಟು ಕೆಳಗಿಟ್ಟೆ. ಮೊದಲ ಸೋಲಿಗೂ ಎರಡನೇ ಸೋಲಿಗೂ ನಡುವೆ ಕಾರಿನಲ್ಲಿ ಏನೇನು ಬದಲಾಯಿತು ಅಂತ ಕೇಳಿದೆ. ಗಾಲಿ ಬಿಟ್ಟರೆ ಏನಿಲ್ಲ ಅಂದ. ಆದರೆ ಅದು ಅಲಾಯ್, ಹಗುರ ಇರುತ್ತದೆ, ಅದರಿಂದ ವೇಗ ಹೆಚ್ಚಬೇಕೇ ಹೊರತು ಕಮ್ಮಿಯಾಗುವ ಹಾಗಿಲ್ಲ ಅಂತಲೂ ಸೇರಿಸಿದ. ಹಗುರ ಅಂತ ಹೇಗೆ ಗೊತ್ತಾಯಿತು? ಅಂಗಡಿಯಲ್ಲಿ ಒಂದೇ ಕೈಲಿ ಎತ್ತಿ ನೋಡಿದನಂತೆ. ದಿನಾ ಎತ್ತುವ ಸ್ಟೆಪ್ನಿಗಿಂತ ಎಷ್ಟೋ ಹಗುರ ಇತ್ತಂತೆ.

"ಎತ್ತಿ ನೋಡಿದ್ಯಾ? ತೂಗಿ ನೋಡ್ಲಿಲ್ವಾ ಮಾರಾಯ?"

ಹದಿನೆಂಟು ವರ್ಷದಿಂದ ಮಕ್ಕಳಿಗೆ ಅದೊಂದೇ ಹೇಳುತ್ತಿದ್ದೇನೆ. ಅಳೆಯದೆ ಮಾತಾಡಬೇಡಿ. ಕಾಲೇಜಿಗೆ ಅರ್ಧ ದಿನ ರಜೆ ಹಾಕಿದೆ. ಗ್ಯಾರೇಜಿನಲ್ಲಿ ಕೈಗೆ ಸಿಕ್ಕಿದ ಎರಡು ಗಾಲಿ ಎತ್ತಿಕೊಂಡು ಮಂಜುವನ್ನು ಮೆಕ್ಕೆಜೋಳದ ಮಂಡಿಗೆ ಎಳೆದುಕೊಂಡು ಹೋದೆ. ಒಂದು, ಸ್ಟೆಪ್ನಿಯಾಗಿ ಉಳಿದಿದ್ದ ಹಳೇ ಹದಿಮೂರು ಇಂಚಿನ ಸ್ಟೀಲ್ ಗಾಲಿ. ಇನ್ನೊಂದು, ಪಂಕ್ಚರ್ ಆಗಿ ಬಿಚ್ಚಿಟ್ಟಿದ್ದ ಅಲಾಯ್.

ಮಂಡಿಯಲ್ಲಿ ತೂಕ ಮಾಡುವವನು ಬಸಣ್ಣ. ಅವನ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು, ಹಾಗಾಗಿ ನನ್ನ ಮೇಲೆ ಗೌರವ. ಜೋಳ ಬಿಟ್ಟು ಗಾಲಿ ವ್ಯಾಪಾರ ಯಾವಾಗ ಹಿಡಿದಿರಿ ಮೇಡಂ ಅಂತ ನಗುತ್ತಲೇ ಎರಡನ್ನೂ ಕಾಟಾದ ಮೇಲೆ ಇಟ್ಟ. ಸ್ಟೆಪ್ನಿ ಹನ್ನೆರಡು ಕೆಜಿ. ಅಲಾಯ್ ಎಂಟು ಕೆಜಿ ಇನ್ನೂರು ಗ್ರಾಂ.

ಮಂಜು ನನ್ನ ಕಡೆ ನೋಡಿದ. ಕಾಟಾದ ಅಂಕಿ ನೋಡಿದ. ಮತ್ತೆ ನನ್ನ ಕಡೆ ನೋಡಿದ. ನನ್ನ ಡಿಗ್ರಿ ಅಲ್ಲೇ ಜೋಳದ ಹೊಟ್ಟಿನ ಜೊತೆ ಹಾರಿಹೋಯಿತು. ಸರಿ, ನಡಿ ಹೋಗೋಣ ಅಂತ ಹೊರಟೆ.

ಆಗ ಬಸಣ್ಣ ಕಾಟಾ ಒರೆಸುತ್ತಾ ಹೇಳಿದ್ದು:

"ಎಲ್ಲಿಗ್ ಹೊಂಟ್ರಿ ಮೇಡಂ? ಒಂದಕ್ಕ ಚೀಲ ಐತಿ, ಒಂದಕ್ಕಿಲ್ಲ. ಚೀಲ ಕಳೀಲಿಲ್ವಲ್ರೀ."

ಮಂಡಿಗೆ ಹೋದವರಿಗೆಲ್ಲ ಗೊತ್ತು. ಎಷ್ಟೇ ಜೋಳ ಬರಲಿ, ಖಾಲಿ ಚೀಲದ ತೂಕ ಕಳೆದೇ ಲೆಕ್ಕ ಹೇಳುವುದು. ಬಸಣ್ಣನಿಗೆ ಟೈರ್ ಕಂಡದ್ದು ಚೀಲವಾಗಿ. ಸ್ಟೆಪ್ನಿಗೆ ಟೈರಿತ್ತು. ಅಲಾಯ್ ಬರಿಮೈಯಲ್ಲಿತ್ತು. ಮಂಜು ಅಂಗಡಿಯಲ್ಲಿ ಮಾಡಿದ ತಪ್ಪನ್ನೇ ನಾನು ಕಾಟಾದ ಮೇಲೆ, ಅಂಕಿ ಸಮೇತ, ಮತ್ತೆ ಮಾಡಿದ್ದೆ. ಉಪಕರಣದ ದೋಷ ಮೊದಲು ಕಳೆಯಿರಿ ಅಂತ ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುವವಳು! (ನನ್ನ ವಿದ್ಯಾರ್ಥಿಗಳು ಈ ಪ್ಯಾರಾ ಓದದಿರಲಿ.)

ಅಲ್ಲೇ ಸ್ಟೆಪ್ನಿಯ ಟೈರ್ ಬಿಚ್ಚಿಸಿದೆ. ಬರೀ ಸ್ಟೀಲ್ ಗಾಲಿ ಐದು ಕೆಜಿ ಎಂಟುನೂರು. ಅಂದರೆ ಹೊಸ ಅಲಾಯ್ ಹಳೇ ತಗಡಿಗಿಂತ ಎರಡು ಕೆಜಿ ನಾನೂರು ಭಾರ. ಅದರ ಅಗಲದ ಟೈರೂ ಸೇರಿದರೆ ಇನ್ನೂ ಭಾರ. ಅಂಥವು ನಾಲ್ಕು. ಅಲಾಯ್ ಅನ್ನುವ ಹೆಸರೊಂದೇ ಹಗುರ. ದೊಡ್ಡದಾಗಿ, ದಪ್ಪವಾಗಿ ಎರಕ ಹೊಯ್ದರೆ ಯಾವ ಲೋಹ ತಾನೇ ಹಗುರ ಇದ್ದೀತು?

ಅಲ್ಲಿಂದ ಮುಂದಿನದು ನನ್ನ ಪಾಠ. ತೂಕ ಎಷ್ಟಿದೆ ಅನ್ನುವುದು ಅರ್ಧ ಮಾತ್ರ. ಎಲ್ಲಿದೆ ಅನ್ನುವುದು ಇನ್ನರ್ಧ. ಮಾವಿನಕಾಯಿ ಕೀಳುವ ದೋಟಿ ನೆನಪಿಸಿಕೋ ಅಂದೆ ಮಂಜುಗೆ. ತುದಿಯಲ್ಲಿ ಕಾಲು ಕೆಜಿ ಕುಡುಗೋಲು ಕಟ್ಟಿದರೆ ತಿರುಗಿಸಲು ರಟ್ಟೆ ಸೋಲುತ್ತದೆ. ಅದೇ ಕುಡುಗೋಲನ್ನು ಕೈ ಪಕ್ಕ ಕಟ್ಟಿದರೆ ಏನೂ ಅನ್ನಿಸುವುದಿಲ್ಲ. ದೊಡ್ಡ ಗಾಲಿಯಲ್ಲಿ ಭಾರವೆಲ್ಲ ಅಂಚಿನಲ್ಲಿ. ನಿಂತ ಕಾರು ಹೊರಡುವಾಗ ಇಂಜಿನ್ ಅದನ್ನೂ ತಿರುಗಿಸಬೇಕು. ಮಂಜು ಎರಡು ಸಲ ಬಿಚ್ಚಿ ಕಟ್ಟಿದ ಇಂಜಿನ್ ಮೊದಲ ರೇಸಿನಲ್ಲಿದ್ದುದಕ್ಕಿಂತ ಚೆನ್ನಾಗಿಯೇ ಇತ್ತು. ಅದರ ಬಲ ಚಂದಕ್ಕೆ ಖರ್ಚಾಗುತ್ತಿತ್ತು.

ಹಾಗಾದರೆ ಹಳೇ ಗಾಲಿಗೇ ತೂತು ಕೊರೆದು ಇನ್ನಷ್ಟು ಹಗುರ ಮಾಡೋಣ ಅಂತ ಹೊಸ ಉತ್ಸಾಹ ಬಂತು ಅವನಿಗೆ. ಡ್ರಿಲ್ ಕೈಗೆತ್ತಿಕೊಂಡೂ ಆಗಿತ್ತು. ನಾನು ಬಿಡಲಿಲ್ಲ. ಎಲ್ಲಿ ಎಷ್ಟು ಕೊರೆದರೆ ಗಾಲಿ ತಡೆದೀತು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಆ ವೇಗದಲ್ಲಿ ಪರೀಕ್ಷೆ ಮಾಡುವುದು ಬೇಡ ಅಂದೆ. ಗೊತ್ತಿಲ್ಲ ಅಂತ ಹೇಳುವುದನ್ನೂ ನಾನು ಕಾಲೇಜಿನಲ್ಲೇ ಕಲಿತದ್ದು. ತುಕ್ಕು ಕೆರೆದು, ಬಿರುಕಿದೆಯೇ ಅಂತ ಒಂದೊಂದನ್ನೂ ನೋಡಿ, ಬ್ಯಾಲೆನ್ಸ್ ಮಾಡಿಸಿ ಹಳೇ ಸ್ಟೀಲ್ ಗಾಲಿಗಳನ್ನೇ ಹಾಕಿದೆವು. ಜನ ನಗ್ತಾರೆ ಅತ್ತಿಗೆ ಅಂದ. ನಗಲಿ. ಹದಿನೈದು ಸೆಕೆಂಡು ತಾನೇ?

ಇಲ್ಲಿ ನನ್ನದೊಂದು ಮಾತಿದೆ. ಕುಪ್ಪಗಡ್ಡೆಯ ನನ್ನ ತವರು ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಬಿಎಸ್ಸಿಯಲ್ಲಿ ಸೆಕೆಂಡ್ ಕ್ಲಾಸ್. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ವಕೀಲರ ಮಗಳಿಗೆ ಡಿಸ್ಟಿಂಕ್ಷನ್. ಅವಳಿಗೆ ಬಂದದ್ದು ನಿನಗ್ಯಾಕೆ ಬರಲಿಲ್ಲ ಅಂತ ಊರೆಲ್ಲ ಕೇಳಿತು. ಅವಳು ಕಾಲೇಜಿನ ಎದುರು ಮನೆಯವಳು. ನಾನು ಕೊಟ್ಟಿಗೆ ಬಳಿದು, ನಾಟಿಗೆ ಬಂದವರಿಗೆ ರೊಟ್ಟಿ ತಟ್ಟಿಟ್ಟು, ಎರಡು ಬಸ್ಸು ಬದಲಿಸಿ ಸಾಗರ ಮುಟ್ಟುತ್ತಿದ್ದವಳು. ಅವಳ ಹೆಗಲ ಮೇಲೆ ಚೀಲ ಇರಲಿಲ್ಲ. ನನ್ನ ಹೆಗಲ ಮೇಲಿತ್ತು. ಯಾರೂ ಕಳೆದು ನೋಡಲಿಲ್ಲ. ನಾನೂ ನೋಡಿರಲಿಲ್ಲ, ನಿಜ ಹೇಳಬೇಕೆಂದರೆ. ಇಪ್ಪತ್ತು ವರ್ಷ ಆ ಸೆಕೆಂಡ್ ಕ್ಲಾಸನ್ನು ಮುಚ್ಚಿಟ್ಟುಕೊಂಡೇ ತಿರುಗಿದ್ದೇನೆ. ಇವತ್ತು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಇರಲಿ. ಭಾನುವಾರಕ್ಕೆ ಬರೋಣ. ದಾವಣಗೆರೆ ಆಚೆ, ಮನೆ ಏಳದ ಒಂದು ಲೇಔಟಿನ ರಸ್ತೆ. ಪರವಾನಗಿ, ಬ್ಯಾರಿಕೇಡ್, ಆಂಬುಲೆನ್ಸ್ ಎಲ್ಲ ಇತ್ತು. ಹೊಳೆಯುವ ಕಾರುಗಳ ನಡುವೆ ನಮ್ಮ ತಗಡಿನ ಗಾಲಿಯ ಕಾರು. ಮದುವೆ ಮನೆಗೆ ಹವಾಯಿ ಚಪ್ಪಲಿಯಲ್ಲಿ ಬಂದಿದೆ ಅಂತ ಯಾರೋ ಅಂದರು, ನನಗೆ ಕೇಳಲಿ ಅಂತಲೇ. ಪಕ್ಕದ ಸಾಲಿನಲ್ಲಿ ಗೌಸ್ ಉಸ್ತಾದರು.

ಹಸಿರು ದೀಪ ಹತ್ತಿತು. ನಾನು ಕಣ್ಣು ಮುಚ್ಚಿದೆ. (ವಿಜ್ಞಾನ ಓದಿದವರೂ ಕಣ್ಣು ಮುಚ್ಚುತ್ತಾರೆ.) ತೆರೆದಾಗ ಬೋರ್ಡಿನ ಮೇಲೆ ಅಂಕಿ ಬಂದಿತ್ತು. ಉಸ್ತಾದರದ್ದು ಹದಿನೈದು ಪಾಯಿಂಟ್ ಏಳು. ಮಂಜುದು ಹದಿನೈದು ಪಾಯಿಂಟ್ ಆರು.

ಎಷ್ಟು ಜೋರಾಗಿ ಕೂಗಿದೆನೋ, ಗಂಟಲು ಇನ್ನೂ ಸರಿಯಾಗಿಲ್ಲ. ಈ ವಾರ ಪಾಠವೆಲ್ಲ ಸನ್ನೆಯಲ್ಲೇ ನಡೆದಿದೆ.

ಉಸ್ತಾದರು ಕಾರಿನಿಂದ ಇಳಿದು ಸೀದಾ ನಮ್ಮ ಕಡೆ ಬಂದರು. ಬಾನೆಟ್ ತೆಗೆಸಲಿಲ್ಲ. ಮುಂದಿನ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಇದು ಯಾರ ತಲೆ ಅಂತ ಕೇಳಿದರು. ಅರ್ಧ ಮಂಡಿ ಬಸಣ್ಣಂದು, ಅರ್ಧ ನಮ್ಮ ಅತ್ತಿಗೇದು ಅಂದ ಮಂಜು. ಉಸ್ತಾದರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು.

"ತಲೆ ಯಾರದಾದ್ರೂ ಇರ್ಲಿ ಬೇಟಾ. ಕೈ ನಿಂದೇ."

ಮಂಜು ಅತ್ತ ತಿರುಗಿ ಗಾಲಿಯ ನಟ್ಟು ಬಿಗಿ ಮಾಡತೊಡಗಿದ. ಬಿಗಿಯಾಗಿಯೇ ಇದ್ದ ನಟ್ಟುಗಳನ್ನು, ಒಂದೊಂದಾಗಿ, ನಾಲ್ಕನ್ನೂ.

ಸೋಮವಾರದಿಂದ ಅವನ ಗ್ಯಾರೇಜಿನ ಮುಂದೆ ಐದು ಕಾರು ಸಾಲಾಗಿ ನಿಂತಿವೆ, ಎರಡು ಶಿರಾಳಕೊಪ್ಪದವು. ಶಿವಮೊಗ್ಗದ ಶೋರೂಮಿನವರು ಮೂರು ಸಲ ಫೋನ್ ಮಾಡಿದ್ದಾರೆ. ಎತ್ತಲು ಅವನಿಗೆ ಪುರುಸೊತ್ತೆಲ್ಲಿದೆ?