ಮೂರನೆಯ ವಾರದ ಭಾನುವಾರ

ಮೊಮ್ಮಗಳ ಮೊಗ್ಗಿನ ಜಡೆಗೆ ಮೊನ್ನೆ ಎರಡು ಸಾವಿರದ ಇನ್ನೂರು ಕೊಟ್ಟೆ. ಬಸವೇಶ್ವರನಗರದ ಪಾರ್ಲರಿನ ಹುಡುಗಿ ಹೇಳಿದ್ದೇ ಬೆಲೆ. ಒಂದು ರೂಪಾಯಿಯೂ ಇಳಿಸಲಿಲ್ಲ. ಸೊಪ್ಪಿನವಳ ಹತ್ತಿರ ಕೊಸರು ಕೇಳದೆ ಮನೆಗೆ ಬಾರದ ನಾನು ಸುಮ್ಮನಿದ್ದದ್ದು ಕಂಡು ಸೊಸೆ, "ಅತ್ತೆ, ಹುಷಾರಾಗಿದೀರಾ ತಾನೆ?" ಅಂದಳು. ಹುಷಾರಾಗಿಯೇ ಇದ್ದೆ. ಅವಳು ಮೊಗ್ಗು ಸುತ್ತಿಟ್ಟ ಒದ್ದೆ ಬಟ್ಟೆ ಬಿಚ್ಚಿದಾಗ ಬಂದ ಮಲ್ಲಿಗೆ ವಾಸನೆಗೆ ಬಾಯಿ ಕಟ್ಟಿಹೋಗಿತ್ತು, ಅಷ್ಟೆ...

ಕಾಮಾಕ್ಷಿಪಾಳ್ಯದಲ್ಲಿ ನನ್ನದು ಸೀರೆಗೆ ಫಾಲ್, ಕುಚ್ಚು ಹಾಕಿಸಿಕೊಡುವ ಅಂಗಡಿ. ಮೆಟ್ಟಿಲ ಕೆಳಗೆ ಒಂದು ಹೊಲಿಗೆ ಮೆಷಿನ್ ಇಟ್ಟುಕೊಂಡು ಶುರು ಮಾಡಿದ್ದು. ಕೆಲವು ವರ್ಷಗಳ ಹಿಂದೆ ಸೆರಗಿಗೆ ಕುಚ್ಚು ಕಟ್ಟಿಕೊಡುತ್ತಿದ್ದವಳು ಹಿಂದಿನ ಕ್ರಾಸಿನ ಒಬ್ಬಾಕೆ. ನನಗಿಂತ ಬಹಳ ಚಿಕ್ಕವಳು. ಗಂಡ ಆಟೊ ಓಡಿಸುತ್ತಿದ್ದ, ಮಗಳು ಮೂರನೇ ಕ್ಲಾಸು. ಅವಳು ಕಟ್ಟಿದ ಕುಚ್ಚು ಅಳತೆಪಟ್ಟಿ ಹಿಡಿದ ಹಾಗೆ ಸಮ.

ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿ ಕೀಮೊ ಶುರುವಾದಾಗಲೂ ಅವಳು ಕೆಲಸ ಬಿಡಲಿಲ್ಲ. ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತಿದ್ದರು. ಮೊದಲ ವಾರ ತಲೆ ಎತ್ತಲಾಗದು. ಒಗ್ಗರಣೆ ವಾಸನೆಗೇ ವಾಂತಿ. ಎರಡನೆಯದು ಎದ್ದು ಕೂರುವ ವಾರ. ಮೂರನೆಯದು ಅವಳ ವಾರ. ಅದು ಮುಗಿಯುವಷ್ಟರಲ್ಲಿ ಮತ್ತೆ ಡ್ರಿಪ್. ನನ್ನ ಅಂಗಡಿಯ ಕ್ಯಾಲೆಂಡರಿನಲ್ಲಿ ಆ ಒಳ್ಳೆಯ ದಿನಗಳಿಗೆ ಅವಳೇ ಪೆನ್ನಿನಿಂದ ಸುತ್ತು ಹಾಕಿ ಹೋಗುತ್ತಿದ್ದಳು. ಆ ಸುತ್ತು ನೋಡಿಕೊಂಡು ನಾನು ಗಿರಾಕಿಗಳಿಗೆ ದಿನ ಹೇಳುತ್ತಿದ್ದೆ. ಅದನ್ನು ಜಾಣತನ ಅಂದುಕೊಂಡಿದ್ದೆ.

ಬೆರಳ ತುದಿಗಳು ಜೋಮು ಹಿಡಿದು, ಸೂಜಿ ಚುಚ್ಚಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ದಾರ ಪೋಣಿಸಿಕೊಡುವುದು ಮಗಳು. ಸೆರಗನ್ನು ಕಿಟಕಿಯ ಸರಳಿಗೆ ಕಟ್ಟಿ ಅವಳು ಕುಚ್ಚು ಹಾಕುತ್ತಿದ್ದರೆ ಪಕ್ಕದಲ್ಲಿ ಮಗು ಮಗ್ಗಿ ಒಪ್ಪಿಸುತ್ತಿತ್ತು. "ಆರೇಳ್ಲ ನಲವತ್ನಾಲ್ಕು" ಅಂದರೆ ತಲೆ ಎತ್ತದೆಯೇ, "ಎರಡು ಜಾಸ್ತಿ ಆಯ್ತು ಕಣೇ, ವಾಪಸ್ ಕೊಡು" ಅನ್ನುತ್ತಿದ್ದಳು.

ಅದು ಮದುವೆಗಳ ಕಾಲ. ಮೊಗ್ಗಿನ ಕಾಲವೂ ಅದೇ. ಒಂದು ಬುಧವಾರ ಮದುವೆ ಮನೆಯವರು ಒಂಬತ್ತು ಸೀರೆ ತಂದು, ಭಾನುವಾರ ಸಂಜೆಗೇ ಬೇಕೆಂದರು. ಕ್ಯಾಲೆಂಡರ್ ನೋಡಿದೆ, ಅವಳ ಮೂರನೆಯ ವಾರ. ಅವಳನ್ನು ಒಂದು ಮಾತು ಕೇಳದೆ ಒಪ್ಪಿಕೊಂಡುಬಿಟ್ಟೆ.

"ಶನಿವಾರದವರೆಗೆ ಎಷ್ಟಾಗತ್ತೋ ಅಷ್ಟು ಕಟ್ತೀನಿ ಅಕ್ಕ. ಭಾನುವಾರ ಆಗಲ್ಲ," ಅಂದಳು. "ಇವಳಿಗೆ ಮೊಗ್ಗಿನ ಜಡೆ ಹಾಕಿ ಸ್ಟುಡಿಯೋಗೆ ಕರ್ಕೊಂಡು ಹೋಗ್ಬೇಕು. ಇಬ್ರೂ ಫೋಟೊ ತೆಗೆಸ್ಕೋತೀವಿ. ಮೊಗ್ಗು ಹೇಳ್ಬಿಟ್ಟಿದೀನಿ." ತಲೆಗೆ ಸುತ್ತಿದ್ದ ಬಟ್ಟೆ ಮುಟ್ಟಿಕೊಂಡು ನಕ್ಕಳು. "ನನ್ನ ಪಾಲಿನ ಹೂವೂ ಇವಳಿಗೇ."

ನಾನು ಚೌಕಾಸಿಗೆ ಇಳಿದೆ. ಕೂಲಿ ಹೆಚ್ಚಿಸಿದೆ, ತಲೆ ಅಲ್ಲಾಡಿಸಿದಳು. ಮೊಗ್ಗು ಮುಂದಿನ ತಿಂಗಳೂ ಸಿಗುತ್ತದೆ ಎಂದೆ. "ಮೊಗ್ಗು ಸಿಗತ್ತೆ ಅಕ್ಕ..." ಅಂದು ಅಲ್ಲಿಗೇ ನಿಲ್ಲಿಸಿದಳು. ಎದುರಿನವರನ್ನು ಎಲ್ಲಿ ಒತ್ತಿದರೆ ನೋಯುತ್ತದೆಂದು ವ್ಯಾಪಾರ ನನಗೆ ಕಲಿಸಿತ್ತು. "ಹುಷಾರಿಲ್ದೋಳಿಗೆ ಯಾಕೆ ಕೆಲಸ ಕೊಡ್ತೀಯಾ ಅಂತ ಎಲ್ರೂ ಅಂದ್ರು. ನಾನು ಬಿಟ್ಟೆನಾ ನಿನ್ನ?" ಅಂದುಬಿಟ್ಟೆ. ಮಗಳು ಅಲ್ಲೇ ನಿಂತಿದ್ದಳು. ಅವಳು ಮಗಳ ಮುಖ ನೋಡದೆ ಒಂಬತ್ತೂ ಸೀರೆ ಎತ್ತಿಕೊಂಡು ಹೋದಳು.

ಕುಚ್ಚು ಕಟ್ಟುವವರು ನನ್ನ ಬಳಿ ಇನ್ನಿಬ್ಬರಿದ್ದರು. ಅವರ ಕೈ ಇಷ್ಟು ಚೆಂದವಿರಲಿಲ್ಲ, ಅಷ್ಟೇ ಕಾರಣ.

ಭಾನುವಾರ ಸಂಜೆ ಸೀರೆ ತರಲು ಅವಳ ಮನೆಗೆ ಹೋದೆ. ಬಾಗಿಲಲ್ಲೇ ಘಮ್ಮೆಂದಿತು. ಬುಟ್ಟಿಯ ಒದ್ದೆ ಬಟ್ಟೆಯೊಳಗೆ ಮೊಗ್ಗುಗಳೆಲ್ಲ ಅರಳಿಬಿಟ್ಟಿದ್ದವು. ಅವಳು ಕೊನೆಯ ಸೀರೆಯ ಕುಚ್ಚಿನ ತುದಿ ಕತ್ತರಿಸಿ ಸಮ ಮಾಡುತ್ತಿದ್ದಳು. ಎಣ್ಣೆ ಸ್ನಾನ ಮಾಡಿ, ಕೂದಲು ಬಿಟ್ಟುಕೊಂಡು ಕೂತಿದ್ದ ಮಗು ನನ್ನನ್ನೇ ಕೇಳಿತು: "ಅರಳಿದ್ರೆ ಜಡೆಗೆ ಹೊಲಿಯಕ್ಕೆ ಆಗಲ್ವಾ ಆಂಟಿ?"

"ಮುಂದಿನ ಸಲ ಪುಟ್ಟ," ಅಂದೆ. ಒಂದೊಂದೇ ಸೆರಗು ಬಿಡಿಸಿ ನೋಡಿ ಮಡಿಸಿಕೊಂಡೆ. ಒಂದು ಕುಚ್ಚೂ ಓರೆಯಿರಲಿಲ್ಲ.

ಮುಂದಿನ ಡ್ರಿಪ್ ಆದ ಮೇಲೆ ಜ್ವರ ಬಂದು ಆಸ್ಪತ್ರೆ ಸೇರಿದಳು. ಆಮೇಲೆ ಅಂಥ ಮೂರನೆಯ ವಾರ ಅವಳಿಗೆ ಬರಲೇ ಇಲ್ಲ... ದಾಳಿಂಬೆ ಒಯ್ದು, ಅದು ತಿನ್ನು ಇದು ಬಿಡು ಎಂದು ಬುದ್ಧಿ ಹೇಳಿ ಬಂದೆ. ತಪ್ಪಾಯಿತು ಅನ್ನಲಿಲ್ಲ. ಶ್ರಾವಣದಲ್ಲಿ ಹೋಗಿಬಿಟ್ಟಳು. ಹಾರ ಹಾಕಿದ್ದು ಆಧಾರ್ ಕಾರ್ಡಿನ ಚಿತ್ರವನ್ನು ದೊಡ್ಡದು ಮಾಡಿಸಿದ ಫೋಟೊಗೆ. ಗಂಡ ಮಗಳನ್ನು ಕರೆದುಕೊಂಡು ಕೆಂಗೇರಿ ಕಡೆ ಮನೆ ಮಾಡಿದ. ಆ ಹುಡುಗಿಯನ್ನು ಹುಡುಕಿಕೊಂಡು ಹೋಗುವ ಮುಖ ನನಗಿಲ್ಲ.

ಮೊನ್ನೆ ಪಾರ್ಲರಿನಲ್ಲಿ ಮೊಮ್ಮಗಳು ಕನ್ನಡಿಗೆ ಬೆನ್ನು ಮಾಡಿ ನಿಂತು, "ಅಜ್ಜಿ, ಹೆಂಗಿದೆ?" ಅಂದಳು. ಚೆನ್ನಾಗಿದೆ ಎಂದವಳೇ ಹೊರಗೆ ಬಂದು ನಿಂತೆ.

ನಿಮ್ಮ ಬಳಿಯೂ ಹೀಗೆ ಔಷಧಿ, ಮಗು, ಕೆಲಸ ಮೂರನ್ನೂ ಹೊತ್ತವಳು ಒಬ್ಬಳಿದ್ದರೆ, ಅವಳ ಒಳ್ಳೆಯ ದಿನ ಯಾವುದೆಂದು ಮೊದಲೇ ಕೇಳಿಟ್ಟುಕೊಳ್ಳಿ. ಕೆಲಸ ಕೊಡುವುದಕ್ಕಲ್ಲ. ಊಟ ಕಳಿಸುವುದಾದರೆ ಮೊದಲ ವಾರ ಕಳಿಸಿ, ಒಗ್ಗರಣೆ ಹಾಕದೆ. ಎರಡನೆಯ ವಾರ ಮಗುವನ್ನು ಸ್ಕೂಲಿಗೆ ಬಿಟ್ಟು ಬನ್ನಿ. ಮೂರನೆಯ ವಾರ ಅವಳ ಬಾಗಿಲು ತಟ್ಟಲು ಹೋಗಬೇಡಿ.