ನಮ್ಮಂಥವರಿಗಲ್ಲ ಎಂದವನು ನಾನೇ

ಮಗಳ ಬಸ್ ಪಾಸಿಗೆ ನಾನು ಅರ್ಜಿಯನ್ನೇ ಕೊಡಲಿಲ್ಲ. ಕೇಳಿದೆ, ಆಗುವುದಿಲ್ಲ ಎಂದರು — ಹೀಗೆಂದು ಮನೆಗೆ ಬಂದು ಹೇಳಿದೆ. ಅದು ಸುಳ್ಳು. ಕೈಕಾಲು ತೊಳೆದು ಊಟಕ್ಕೆ ಕೂತೆ. ಆ ಊಟ ರುಚಿಸಿತೋ ಇಲ್ಲವೋ — ಅದೂ ಈಗ ನೆನಪಿಲ್ಲ.

ನಾನು ಯಾರೆಂದು ಹೇಳಬೇಕು. ಕಾಳಿ ನದಿಗೆ ಸೇತುವೆ ಆಗುವ ಮೊದಲು ಕಾರವಾರದ ಬದಿಯಿಂದ ಸದಾಶಿವಗಡಕ್ಕೆ ಲಾಂಚಿನಲ್ಲೇ ದಾಟಬೇಕಿತ್ತು. ಅಂಥ ಒಂದು ಲಾಂಚನ್ನು ನಡೆಸುತ್ತಿದ್ದವನು ನಾನು. ಜನ ತಾಂಡೇಲ ಎಂದು ಕರೆಯುತ್ತಿದ್ದರು; ಹೆಸರು ಹಿಡಿದು ಕರೆದವರು ಕಡಿಮೆ. ಮೀನಿನ ಬುಟ್ಟಿಯವರು, ಕೋರ್ಟಿಗೆ ಹೋಗುವವರು, ಗೋವೆಯ ಕಡೆ ಹೊರಟವರು — ಎಲ್ಲರೂ ನಾನು ಹಗ್ಗ ಬಿಚ್ಚುವುದನ್ನು ಕಾಯಬೇಕಿತ್ತು. ಸೇತುವೆ ಆಯಿತು, ಲಾಂಚು ನಿಂತಿತು. ನಾನು ಅವರ್ಸಾದ ಮನೆಗೆ ಬಂದು ಕಂಡವರ ಗದ್ದೆಗೆ ಕೂಲಿಗೆ ಹೋಗತೊಡಗಿದೆ. ಆದರೂ ಊರಿನವರ ಬಾಯಲ್ಲಿ ತಾಂಡೇಲನಾಗಿಯೇ ಉಳಿದೆ. ಗದ್ದೆಗೆ ಹೋಗುವಾಗಲೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಅಲ್ಲಿ ಕಳಚಿಡುತ್ತಿದ್ದೆ.

ಮಗಳು ನಾಗವೇಣಿ ಹತ್ತನೆಯ ತರಗತಿ ಪಾಸಾದದ್ದು ಆ ದಿನಗಳಲ್ಲಿ. ಕಾರವಾರದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ದಿನಾ ಹೋಗಿ ಬರುವ ಬಸ್ ಚಾರ್ಜು ನಮ್ಮಿಂದ ಆಗುವಂಥದ್ದಾಗಿರಲಿಲ್ಲ. ಬಡ ಮನೆಯ ಮಕ್ಕಳಿಗೆ ಕಡಿಮೆ ದರದ ಪಾಸು ಇದೆ, ಆದಾಯದ ದಾಖಲೆ ತಂದುಕೊಟ್ಟರೆ ಸಾಕು ಎಂದು ಅವಳ ಮಾಸ್ತರರು ಹೇಳಿ ಕಳಿಸಿದ್ದರು. ಅದನ್ನು ಮಾಡಿಸಲೆಂದೇ ನಾನು ಅಂಕೋಲೆಗೆ ಹೋದದ್ದು.

ದಾಖಲೆ ಕೊಡುವ ತಾಲೂಕು ಕಚೇರಿಯ ಮುಂದೆ ಸಾಲು ಇತ್ತು. ನಿಂತೆ. ಮುಂದಿದ್ದ ಹೆಂಗಸು ತಿರುಗಿ ನೋಡಿದಳು. ತರಕಾರಿ ಹೆಡಗೆ ಹೊತ್ತು ಸದಾಶಿವಗಡದ ಸಂತೆಗೆ ಬರುತ್ತಿದ್ದವಳು. ಹೆಡಗೆ ಜಾಗ ತಿನ್ನುತ್ತದೆ ಎಂದು ಗದರಿ ಅವಳನ್ನು ಎಷ್ಟೋ ಸಲ ಮುಂದಿನ ಲಾಂಚಿಗೆ ನಿಲ್ಲಿಸಿದ್ದೆ.

"ತಾಂಡೇಲರೇ, ನೀವೂ ಬಂದ್ರಾ? ಬನ್ನಿ, ಬನ್ನಿ, ನನ್ನ ಮುಂದೆ ನಿಂತ್ಕಳ್ಳಿ" ಎಂದು ಜಾಗ ಬಿಟ್ಟಳು.

ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. "ನಾ ಬೇರೆ ಕೆಲಸಕ್ಕೆ ಬಂದದ್ದು" ಎಂದೆ. ಸಾಲು ಬಿಟ್ಟು ಹೊರಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಕೂತೆ. ನಮ್ಮ ಕಡೆಯ ಬಸ್ಸುಗಳು ಬಂದವು, ಹೋದವು. ಕಚೇರಿ ಮುಚ್ಚುವ ತನಕ ಕೂತೇ ಇದ್ದೆ. ಏನು ಯೋಚಿಸಿದೆ ಎಂದು ಕೇಳಿದರೆ — ಏನೂ ಇಲ್ಲ.

ನಾಗವೇಣಿ ಅಂಗಳದಲ್ಲೇ ನಿಂತಿದ್ದಳು. "ಸಿಕ್ತಾ ಅಪ್ಪಾ?"

"ಇಲ್ಲ. ಕೇಳ್ದೆ. ಅದು ನಮ್ಮಂತವರಿಗೆ ಅಲ್ಲಂತೆ."

ಹೆಂಡತಿ ಒಳಗಿನಿಂದ, "ಇನ್ನೊಂದ್ಸಲ ಹೋಗಿ ಕೇಳಿ ನೋಡಿ" ಎಂದಳು. "ಕಂಡವರ ಕಾಲು ಹಿಡೂಕೆ ನನ್ನಿಂದ ಆಗೂದಿಲ್ಲ" ಎಂದು ಗದರಿದೆ. ಯಾರ ಕಾಲನ್ನೂ ಹಿಡಿ ಎಂದು ಯಾರೂ ಹೇಳಿರಲಿಲ್ಲ.

ನಾಗವೇಣಿ ಅಳಲಿಲ್ಲ. ಮಳೆಗಾಲ ಮುಗಿದು ಮೀನುಗಾರಿಕೆ ಶುರುವಾದದ್ದೇ, ಸಿಗಡಿ ಸುಲಿಯುವ ಶೆಡ್ಡಿಗೆ ಹೋಗತೊಡಗಿದಳು. ಬೆಳಗಾಗುವ ಮೊದಲೇ ಶೆಡ್ಡಿನವರ ಟೆಂಪೋ ಬಂದು ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು, ಅದಕ್ಕೆ ಚಾರ್ಜಿರಲಿಲ್ಲ. ಇಡೀ ದಿನ ಐಸಿನಲ್ಲಿ ಕೈ. ಸಂಜೆ ಅನ್ನ ಬಿಸಿ ಇದೆಯೋ ತಣ್ಣಗಾಗಿದೆಯೋ ಅವಳ ಬೆರಳಿಗೆ ತಿಳಿಯುತ್ತಿರಲಿಲ್ಲ. ಬಟ್ಟಲನ್ನು ಕೆನ್ನೆಗೆ ತಾಗಿಸಿ ನೋಡುತ್ತಿದ್ದಳು. ನಾನು ಎದುರಿಗೇ ಕೂತು ಉಣ್ಣುತ್ತಿದ್ದೆ.

ಅಲ್ಲಿಗೇ ಮುಗಿದಿದ್ದರೆ — ಮುಗಿಯಲಿಲ್ಲ. ಮರುವರ್ಷ ಪಕ್ಕದ ಮನೆಯ ಬೀರಮ್ಮ ಬಂದಳು. ಅವಳ ಮಗಳು ಗೌರಿ ನಾಗವೇಣಿಯ ಗೆಳತಿ. ಅವಳಿಗೂ ಕಾರವಾರದಲ್ಲಿ ಕಲಿಯುವ ಆಸೆ. ಪಾಸಿಗೆ ಎಲ್ಲಿ ಕೇಳಬೇಕು ಎಂದು ವಿಚಾರಿಸಲು ಬೀರಮ್ಮ ಬಂದಿದ್ದಳು. ನಾನು ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದೆ. ಉತ್ತರ ಕೊಟ್ಟದ್ದು ನಾಗವೇಣಿ.

"ಹೋಗಿ ಎಂತಾ ಮಾಡೂದು ಅಕ್ಕಾ? ಒಂದಿನದ ಕೂಲಿ ಹಾಳು. ಅಪ್ಪನೇ ಹೋಗಿ ಕೇಳಿ ಬಂದವ. ಅದು ನಮ್ಮಂತವರಿಗೆ ಅಲ್ಲಂತೆ."

"ಹೌದಾ ತಾಂಡೇಲರೇ?"

ಹೌದೆಂದು ತಲೆಯಾಡಿಸಿದೆ. "ನಿಮಗೇ ಕೊಡ್ಲಿಲ್ಲ ಅಂದ್ರೆ ನಮಗೆಲ್ಲಿ" ಎಂದು ಬೀರಮ್ಮ ಎದ್ದು ಹೋದಳು. ಗೌರಿಯೂ ಅದೇ ಟೆಂಪೋ ಹತ್ತಿದಳು. ಆಮೇಲೆ ನಮ್ಮ ಕೇರಿಯಿಂದ ಯಾರೂ ಪಾಸು ಕೇಳಲು ಹೋಗಲಿಲ್ಲ. ಕೇಳಿದರೆ ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿಯಾಯಿತು.

ಒಮ್ಮೆ ಕಾರವಾರದ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಕೂತಿದ್ದಳು. ಹಿಲ್ಲೂರಿನವಳಂತೆ. ನಮಗಿಂತ ಬಡವರ ಮಗಳು, ಉಟ್ಟದ್ದು ನೋಡಿದರೆ ಗೊತ್ತಾಗುತ್ತಿತ್ತು. ಕಂಡಕ್ಟರ್ ಬಂದಾಗ ಅದೇ ಕಡಿಮೆ ದರದ ಪಾಸು ತೋರಿಸಿದಳು. ಅವನು ನೋಡಿ ಮುಂದಿನ ಸೀಟಿಗೆ ಹೋದ. ಬಸ್ಸಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಇಷ್ಟೇ ಆಗಿತ್ತು ಅದು. ಇಷ್ಟಕ್ಕೆ ನಾನು — ಆ ದಿನವೂ ಮನೆಗೆ ಬಂದು ಯಾರಿಗೂ ಹೇಳಲಿಲ್ಲ.

ನಾಗವೇಣಿಯ ಮದುವೆಯಾಯಿತು. ಗಂಡನ ಮನೆ ಸದಾಶಿವಗಡದಲ್ಲಿ. ಗಂಡನದು ಚಿಕ್ಕ ಗೂಡಂಗಡಿ. ವರ್ಷಗಳು ಹೋದವು, ನನ್ನ ಹೆಂಡತಿ ತೀರಿಕೊಂಡಳು, ಅವಳಿಗೂ ನಿಜ ಗೊತ್ತಾಗಲಿಲ್ಲ. ತೊಂಬತ್ತರ ದಶಕದ ನಡುವೆ ಒಂದು ದಿನ ಮಗಳನ್ನು ನೋಡಲು ಹೋಗಿದ್ದೆ. ಅವಳ ನಾದಿನಿ ಶಾಲಿನಿಗೆ ಆಗಷ್ಟೇ ಕಾರವಾರದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು.

"ಅತ್ತಿಗೆ, ಕಡಿಮೆ ದರದ ಪಾಸು ಕೊಡ್ತಾರಂತೆ. ಕೇಳುವಾ?"

ನಾಗವೇಣಿ ಈಳಿಗೆಯ ಮುಂದೆ ಕೂತು ಮೀನು ಹೆಚ್ಚುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಸುಮ್ನೆ ಮರ್ಯಾದೆ ಕಳ್ಕೊಳ್ಳೂದು ಬ್ಯಾಡ. ಅಪ್ಪ ಆಗ್ಲೇ ಕೇಳಿ ಬಂದವ. ನಮ್ಮಂತವರಿಗೆ ಅಲ್ಲ ಅದು."

ಶಾಲಿನಿ ಒಳಗೆ ಹೋದಳು.

"ವೇಣೀ," ಎಂದೆ, "ನಾ ಕೇಳಲೇ ಇಲ್ಲ."

"ಎಂತಾ?"

"ಆವತ್ತು ಅಂಕೋಲೆಗೆ ಹೋದೆ. ಸಾಲಿನಲ್ಲಿ ಪರಿಚಯದವಳು ಕಂಡ್ಳು. ಬಿಟ್ಟು ಬಂದೆ. ಯಾರೂ ಇಲ್ಲ ಅನ್ಲಿಲ್ಲ. ನಾ ಕೇಳಲೇ ಇಲ್ಲ."

ಅವಳ ಕೈ ನಿಂತಿತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಕೈಯಲ್ಲಿದ್ದ ಮೀನನ್ನು ಬಟ್ಟಲಿಗೆ ಹಾಕಿ ಹೇಳಿದಳು:

"ಗೌರಿಯ ಅಮ್ಮನಿಗೆ ನಾ ಹೇಳಿದ್ದೆ."

"ಹೌದು."

"ನೀ ಅಲ್ಲೇ ಕೂತಿದ್ದೆ."

"ಕೂತಿದ್ದೆ."

ಅವಳು ಮತ್ತೆ ಮೀನು ಹೆಚ್ಚತೊಡಗಿದಳು. ಮರುದಿನ ಶಾಲಿನಿಯನ್ನು ಕರೆದುಕೊಂಡು ತಾನೇ ಕಚೇರಿಗೆ ಹೊರಟಳು. ನಾನೂ ಬರಲೇ ಎಂದೆ. "ಬ್ಯಾಡ" ಎಂದಳು. ನಾನು ಅಲ್ಲೇ ಉಳಿದೆ. ಕೆಲವು ದಿನಗಳ ನಂತರ ಪಾಸು ಕೈಗೆ ಬಂತು. ಏನೂ ತೊಂದರೆ ಆಗಲಿಲ್ಲ ಎಂದು ಅಳಿಯ ಹೇಳಿದ. ಮಗಳು ಅದರ ಬಗ್ಗೆ ನನ್ನ ಹತ್ತಿರ ಮತ್ತೆ ಮಾತಾಡಿಲ್ಲ. ಹೋದರೆ ಚಾ ಕೊಡುತ್ತಾಳೆ. ಊಟಕ್ಕೆ ಬಡಿಸುತ್ತಾಳೆ. ಅಪ್ಪಾ ಎಂದು ಕರೆಯುವುದು — ಅದು ಮಾತ್ರ ಕಡಿಮೆಯಾಗಿದೆ.

ಪಾಸು ಬಂದ ಸುದ್ದಿ ತಿಳಿದ ದಿನವೇ ಅವರ್ಸಾಕ್ಕೆ ಮರಳಿ ಗೌರಿಯ ಮನೆಗೆ ಹೋದೆ. ಬೀರಮ್ಮ ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು. ಗೌರಿಗೆ ಮದುವೆಯಾಗಿರಲಿಲ್ಲ, ಇನ್ನೂ ಶೆಡ್ಡಿಗೇ ಹೋಗುತ್ತಿದ್ದಳು. "ಬನ್ನಿ ಮಾಮಾ, ಕೂತ್ಕಳ್ಳಿ" ಎಂದು ಚಾಪೆ ಹಾಸಿದಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ, ಒಂದನ್ನೂ ಬಿಡದೆ. ತಲೆಯಾಡಿಸಿದ್ದನ್ನೂ ಹೇಳಿದೆ.

ಕೇಳಿ ಮುಗಿಯುವವರೆಗೆ ಅವಳು ಬಾಗಿಲ ಪಕ್ಕ ನಿಂತಿದ್ದಳು. ಆಮೇಲೆ ಬಗ್ಗಿ ಚಾಪೆ ಸುತ್ತಿ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಹೊರಗೂ ಬರಲಿಲ್ಲ.

ಅಲ್ಲಿಂದ ಅದರಾಚೆಯ ಮನೆಗೆ ಹೋದೆ. ಆ ಮನೆಯಲ್ಲಿ ಹತ್ತನೆಯ ತರಗತಿ ಓದುವ ಹುಡುಗಿ ಇದ್ದಳು.